ರಾತ್ರಿ ಎರಡು ಗಂಟೆಯ ರಕ್ತ

ಕ್ಯಾನ್ಸರ್ ಬಂದ ಮನೆಗೆ ಔಷಧಿ ಡಬ್ಬಿಗಳು ತಾವಾಗೇ ಬಂದು ಸೇರುತ್ತವೆ. ಡಾಕ್ಟರ್ ಬರೆದದ್ದು ಒಂದು ಕಡೆ, ನೋಡಲು ಬಂದವರು ತಂದದ್ದು ಇನ್ನೊಂದು ಕಡೆ. ಅಮೃತಬಳ್ಳಿ ಪುಡಿ, ಲಕ್ಷ್ಮಣಫಲದ ಎಲೆ, ಅರಿಸಿನದ ಕ್ಯಾಪ್ಸೂಲು, ಯಾರೋ ಹೇಳಿದ ಕಷಾಯ. ಆಲೂರಿನ ಹತ್ತಿರ ಇರುವ ನಮ್ಮ ಚಿಕ್ಕಮ್ಮನ ಮನೆಯಲ್ಲೂ ಹಾಗೇ ಆಗಿದೆ. ಅವರಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿ, ರೇಡಿಯೇಷನ್ ಮುಗಿದು, ಈಗ ಕ್ಯಾನ್ಸರ್ ಮರಳದಂತೆ ಕೊಡುವ ಟ್ಯಾಮೊಕ್ಸಿಫೆನ್ ಮಾತ್ರೆ ದಿನಾ ನಡೆಯುತ್ತಿದೆ. ಈಚೆಗೆ ಅಮೆರಿಕದಿಂದ ಬಂದಿದ್ದ ಅವರ ಮೈದುನನ ಮಗ ಒಂದು ದೊಡ್ಡ ಡಬ್ಬಿ ಕೊಟ್ಟು ಹೋದ. ಮೇಲೆ ಮೆಲಟೋನಿನ್ ಎಂದು ಬರೆದಿತ್ತು. "ನೀನು ಬಯಾಲಜಿ ಪಾಠ ಮಾಡ್ತೀಯಲ್ಲ ಕಣೇ, ಇದು ಮೆದುಳಲ್ಲೇ ಹುಟ್ಟೋ ಹಾರ್ಮೋನಂತೆ, ಕ್ಯಾನ್ಸರ್ ಬೆಳೆಯೋದನ್ನ ತಡೆಯುತ್ತಂತೆ, ತಗೋಬಹುದಾ ನೋಡಿ ಹೇಳು" ಎಂದರು.

ಪೂರ್ತಿ ಸುಳ್ಳಾಗಿದ್ದರೆ ಬೇಡ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಇದು ಸುಳ್ಳಲ್ಲ. ಪೀನಿಯಲ್ ಗ್ರಂಥಿಯ ಈ ಹಾರ್ಮೋನಿಗೂ ಕ್ಯಾನ್ಸರ್ ಜೀವಕೋಶಕ್ಕೂ ಇರುವ ಸಂಬಂಧದ ಮೇಲೆ ಐವತ್ತು ವರ್ಷಗಳಿಂದ ಕೆಲಸ ನಡೆದಿದೆ. ಅದನ್ನೆಲ್ಲ ಓದುತ್ತಾ ಹೋದಂತೆ ನನಗೆ ಡಬ್ಬಿಗಿಂತ ಜಾಸ್ತಿ ನಮ್ಮ ಊರಿನ ರಾತ್ರಿಗಳ ಬಗ್ಗೆ ಯೋಚನೆ ಹತ್ತಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಗ್ರಂಥಿಯ ವಿಷಯ. ಪೀನಿಯಲ್ ನಮ್ಮ ಮೆದುಳಿನ ನಟ್ಟನಡುವೆ, ಎರಡು ಅರ್ಧಗಳ ಮಧ್ಯೆ ಅಡಗಿ ಕೂತಿದೆ. ಅಕ್ಕಿ ಕಾಳಿಗಿಂತ ಸ್ವಲ್ಪ ದಪ್ಪ, ಅಷ್ಟೇ. 17ನೇ ಶತಮಾನದಲ್ಲಿ ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ ಆತ್ಮ ನೆಲೆಸಿರುವ ಮುಖ್ಯ ಜಾಗ ಇದೇ ಎಂದು ಬರೆದ. ನಮ್ಮಲ್ಲೂ ಇದನ್ನು ಮೂರನೇ ಕಣ್ಣು, ಆಜ್ಞಾಚಕ್ರ ಎಂದೆಲ್ಲ ಹೇಳುವ ವಿಡಿಯೋಗಳು ಬೇಕಾದಷ್ಟಿವೆ. ನಿಜವಾದ ಮೂರನೇ ಕಣ್ಣು ನೋಡಬೇಕಾದರೆ ಬೇಲಿಯ ಮೇಲೆ ಕೂತ ಓತಿಕ್ಯಾತವನ್ನು ಹತ್ತಿರದಿಂದ ನೋಡಿ. ಅದರ ನೆತ್ತಿಯ ಮೇಲೆ ಒಂದು ಚಿಕ್ಕ ಚುಕ್ಕೆ ಇರುತ್ತದೆ. ಬೆಳಕು ಬಂತೋ ಹೋಯಿತೋ ಎಂದು ಅದಕ್ಕೆ ಗೊತ್ತಾಗುತ್ತದೆ. ಅದು ನಮ್ಮ ಪೀನಿಯಲ್‌ಗೆ ಹತ್ತಿರದ ನೆಂಟ.

ಮನುಷ್ಯರ ಪೀನಿಯಲ್ ತಾನಾಗಿ ಬೆಳಕು ಕಾಣುವುದಿಲ್ಲ. ಕಣ್ಣಿನಿಂದ ಸುದ್ದಿ ಬರಬೇಕು. ಆ ಸುದ್ದಿ ಬರುವ ದಾರಿ ಮಾತ್ರ ಬಹಳ ಸುತ್ತು. ಕಣ್ಣಿನ ರೆಟಿನಾದಿಂದ ಹೈಪೋಥಲಾಮಸ್‌ನಲ್ಲಿರುವ ದೇಹದ ಗಡಿಯಾರಕ್ಕೆ, ಅಲ್ಲಿಂದ ಬೆನ್ನುಹುರಿಯೊಳಗೆ ಇಳಿದು ಎದೆಯ ಮಟ್ಟಕ್ಕೆ, ಮತ್ತೆ ಕುತ್ತಿಗೆಯ ಪಕ್ಕದ ಒಂದು ನರಗಂಟಿಗೆ ಹತ್ತಿ, ಅಲ್ಲಿಂದ ತಲೆಯೊಳಗೆ ವಾಪಸ್ಸು. ಕಣ್ಣಿಗೂ ಪೀನಿಯಲ್‌ಗೂ ನಡುವೆ ಕೆಲವೇ ಇಂಚು ದೂರ, ಸುದ್ದಿ ಮಾತ್ರ ಎದೆವರೆಗೆ ಹೋಗಿ ಬರಬೇಕು! ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಪೂರ್ತಿ ಪೆಟ್ಟಾದವರಲ್ಲಿ ರಾತ್ರಿಯ ಮೆಲಟೋನಿನ್ ಏರುವುದೇ ನಿಂತುಹೋಗುತ್ತದೆ. ಸುತ್ತುದಾರಿಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಗಡಿಯಾರ ಕತ್ತಲಾಯಿತು ಎಂದ ಕೂಡಲೇ ಪೀನಿಯಲ್ ದೇಹದ ಇನ್ನೊಂದು ರಾಸಾಯನಿಕವಾದ ಸೆರೊಟೋನಿನ್‌ನಿಂದ ಮೆಲಟೋನಿನ್ ಮಾಡಲು ಶುರು ಮಾಡುತ್ತದೆ. ಕೂಡಿಡುವ ಅಭ್ಯಾಸ ಅದಕ್ಕಿಲ್ಲ. ಮಾಡಿದ್ದನ್ನು ಮಾಡಿದಂತೆ ರಕ್ತಕ್ಕೆ ಬಿಡುತ್ತದೆ. ರಾತ್ರಿ ಎರಡರಿಂದ ನಾಲ್ಕು ಗಂಟೆಯ ಹೊತ್ತಿಗೆ ರಕ್ತದಲ್ಲಿ ಅದರ ಮಟ್ಟ ತುದಿ ಮುಟ್ಟುತ್ತದೆ, ಬೆಳಗಾಗುವಷ್ಟರಲ್ಲಿ ಇಳಿದುಬಿಡುತ್ತದೆ. ರಕ್ತದಲ್ಲಿರುವ ಮೆಲಟೋನಿನ್ ಅರ್ಧಕ್ಕೆ ಇಳಿಯಲು ಒಂದು ಗಂಟೆಯೂ ಬೇಡ. ಅಂದರೆ ಕತ್ತಲೆ ಇದ್ದಷ್ಟು ಹೊತ್ತು ಮಾತ್ರ ಇದು ಇರುವುದು. ವಯಸ್ಸಾದಂತೆ ಇದು ಕಡಿಮೆಯೂ ಆಗುತ್ತದೆ.

ಇದನ್ನು ಮೊದಲು ಬೇರ್ಪಡಿಸಿದವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಏರನ್ ಲರ್ನರ್, 1958ರಲ್ಲಿ. ಅವರು ಚರ್ಮದ ಡಾಕ್ಟರ್. ನಿದ್ದೆಯ ಬಗ್ಗೆಯಾಗಲಿ ಕ್ಯಾನ್ಸರಿನ ಬಗ್ಗೆಯಾಗಲಿ ಅವರು ಯೋಚಿಸುತ್ತಿರಲಿಲ್ಲ. ದನದ ಪೀನಿಯಲ್ ರಸ ಹಾಕಿದರೆ ಕಪ್ಪೆಮರಿಯ ಚರ್ಮ ಬಿಳಿಚಿಕೊಳ್ಳುತ್ತದೆ ಎಂದು 1917ರಿಂದಲೇ ಗೊತ್ತಿತ್ತು. ತೊನ್ನಿಗೆ ಇದರಿಂದ ಏನಾದರೂ ದಾರಿ ಸಿಗಬಹುದು ಎಂದು ಲರ್ನರ್ ಸಾವಿರಾರು ದನಗಳ ಪೀನಿಯಲ್ ತರಿಸಿ, ಕೊನೆಗೆ ಒಂದಿಷ್ಟು ಶುದ್ಧ ವಸ್ತು ಪಡೆದರು. ತೊನ್ನಿಗೆ ಅದು ಕೆಲಸಕ್ಕೆ ಬರಲಿಲ್ಲ. ಜಗತ್ತಿಗೆ ಮೆಲಟೋನಿನ್ ಸಿಕ್ಕಿತು.

ಕ್ಯಾನ್ಸರ್ ವಿಷಯಕ್ಕೆ ಬರೋಣ. 1978ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಊಹೆ ಪ್ರಕಟವಾಯಿತು: ಪೀನಿಯಲ್ ಸರಿಯಾಗಿ ಕೆಲಸ ಮಾಡದಿದ್ದರೆ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್‌ನ ಹಿಡಿತ ಜಾಸ್ತಿಯಾಗಿ ಸ್ತನ ಕ್ಯಾನ್ಸರಿಗೆ ದಾರಿಯಾಗಬಹುದು. 1981ರಲ್ಲಿ ಅದನ್ನು ಇಲಿಗಳಲ್ಲಿ ನೋಡಿದರು. ಕ್ಯಾನ್ಸರ್ ತರುವ ರಾಸಾಯನಿಕ ಕೊಟ್ಟ ಇಲಿಗಳಲ್ಲಿ ಪೀನಿಯಲ್ ತೆಗೆದರೆ ಸ್ತನದ ಗಡ್ಡೆಗಳು ಜಾಸ್ತಿ ಬಂದವು, ಮೆಲಟೋನಿನ್ ಕೊಟ್ಟರೆ ಕಡಿಮೆಯಾದವು.

ನನಗೆ ಬಹಳ ಮುಖ್ಯ ಎನಿಸುವುದು 1988ರ ಒಂದು ಕೆಲಸ. ಸ್ಟೀವನ್ ಹಿಲ್ ಮತ್ತು ಡೇವಿಡ್ ಬ್ಲಾಸ್ಕ್ ಎಂಬ ಇಬ್ಬರು ಮನುಷ್ಯರ ಸ್ತನ ಕ್ಯಾನ್ಸರ್ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಅದಕ್ಕೆ ಮೆಲಟೋನಿನ್ ಹಾಕಿ ನೋಡಿದರು. ಆ ಜೀವಕೋಶಗಳ ಹೆಸರು ಎಂಸಿಎಫ್-7. (ಹಾಸನದವರಿಗೆ ಎಂಸಿಎಫ್ ಎಂದರೆ ಇಸ್ರೋದ ಉಪಗ್ರಹ ಕೇಂದ್ರವೇ ನೆನಪಾಗುವುದು. ಇದು ಬೇರೆ, ಅಮೆರಿಕದ ಮಿಷಿಗನ್ ಕ್ಯಾನ್ಸರ್ ಫೌಂಡೇಷನ್ನಿನದು. 1970ರಲ್ಲಿ ಸ್ತನ ಕ್ಯಾನ್ಸರ್ ಹರಡಿದ್ದ 69 ವರ್ಷದ ಒಬ್ಬ ಕ್ರೈಸ್ತ ಸನ್ಯಾಸಿನಿಯ ದೇಹದಿಂದ ತೆಗೆದ ಜೀವಕೋಶಗಳ ಸಂತತಿ ಅದು. ಆ ತಾಯಿ ಹೋಗಿ ಅರ್ಧ ಶತಮಾನ ದಾಟಿದೆ, ಸ್ತನ ಕ್ಯಾನ್ಸರ್ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಎಷ್ಟೋ ಭಾಗ ಅವರಿಂದ ಬಂದದ್ದು. ಚಿಕ್ಕಮ್ಮನ ಟ್ಯಾಮೊಕ್ಸಿಫೆನ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೂ ಇದೇ ಜೀವಕೋಶಗಳ ಮೇಲೆ ನೋಡಿ ಕಲಿತಿದ್ದಾರೆ. ಇದನ್ನು ಕ್ಲಾಸಿನಲ್ಲಿ ಹೇಳುವಾಗ ನನಗೆ ಪ್ರತಿಸಲ ಕೈಮುಗಿಯಬೇಕು ಅನಿಸುತ್ತದೆ.)

ಹಿಲ್ ಮತ್ತು ಬ್ಲಾಸ್ಕ್ ಕಂಡದ್ದು ಏನು? ಮೆಲಟೋನಿನ್ ಹಾಕಿದಾಗ ಕ್ಯಾನ್ಸರ್ ಜೀವಕೋಶಗಳು ನಿಧಾನವಾಗಿ ಬೆಳೆದವು. ಅಷ್ಟೇ ಆಗಿದ್ದರೆ ಅದು ಸಾವಿರ ವಸ್ತುಗಳಲ್ಲಿ ಒಂದಾಗುತ್ತಿತ್ತು, ಯಾಕೆಂದರೆ ತಟ್ಟೆಯಲ್ಲಿರುವ ಕ್ಯಾನ್ಸರ್ ಜೀವಕೋಶದ ಬೆಳವಣಿಗೆ ತಡೆಯುವ ವಸ್ತುಗಳಿಗೆ ಕೊರತೆಯೇ ಇಲ್ಲ. ವಿಶೇಷ ಇದ್ದದ್ದು ಪ್ರಮಾಣದಲ್ಲಿ. ರಾತ್ರಿ ಹೊತ್ತು ಮನುಷ್ಯರ ರಕ್ತದಲ್ಲಿ ಎಷ್ಟು ಮೆಲಟೋನಿನ್ ಇರುತ್ತದೋ ಸುಮಾರು ಅಷ್ಟೇ ಹಾಕಿದಾಗ ಅದು ಕೆಲಸ ಮಾಡಿತು. ಅದಕ್ಕಿಂತ ಕಡಿಮೆ ಹಾಕಿದರೆ ಮಾಡಲಿಲ್ಲ. ಬಹಳ ಜಾಸ್ತಿ ಹಾಕಿದರೂ ಮಾಡಲಿಲ್ಲ! ಔಷಧಿ ಎಂದರೆ ಜಾಸ್ತಿ ಹಾಕಿದಷ್ಟೂ ಜಾಸ್ತಿ ಪರಿಣಾಮ ಎಂದು ನಾವು ಅಂದುಕೊಂಡಿರುತ್ತೇವೆ ಅಲ್ವಾ? ಈ ಹಾರ್ಮೋನು ಆ ಲೆಕ್ಕಕ್ಕೆ ಸಿಗಲಿಲ್ಲ.

ಕೆಲಸ ಮಾಡುವ ಬಗೆಯೂ ನಂತರ ಸ್ವಲ್ಪ ಸ್ವಲ್ಪವಾಗಿ ಗೊತ್ತಾಯಿತು. ಜೀವಕೋಶದ ಹೊರಪೊರೆಯಲ್ಲಿ ಮೆಲಟೋನಿನ್ ಬಂದು ಕೂರುವ ಎಂಟಿ1 ಎಂಬ ರಿಸೆಪ್ಟರ್ ಇದೆ. ಅಲ್ಲಿ ಅದು ಕೂತಾಗ ಒಳಗಿನ ಕೆಲವು ಸಂದೇಶಗಳು ತಗ್ಗುತ್ತವೆ, ಈಸ್ಟ್ರೋಜನ್ ತನ್ನ ರಿಸೆಪ್ಟರ್ ಮೂಲಕ ಬೆಳೆ ಬೆಳೆ ಎಂದು ಕೊಡುವ ಆಜ್ಞೆಯ ಜೋರು ಕಡಿಮೆಯಾಗುತ್ತದೆ. ಇನ್ನೊಂದು ದಾರಿ ಕೊಬ್ಬಿನದು. ಕೆಲವು ಗಡ್ಡೆಗಳು ಬೆಳೆಯಲು ಲಿನೊಲಿಕ್ ಆಮ್ಲ ಎಂಬ ಕೊಬ್ಬಿನಾಂಶವನ್ನು ರಕ್ತದಿಂದ ಹೀರಿಕೊಳ್ಳುತ್ತವೆ, ನಾವು ತಿನ್ನುವ ಸೂರ್ಯಕಾಂತಿ ಎಣ್ಣೆಯಲ್ಲಿ ಧಾರಾಳವಾಗಿ ಇರುವುದು ಅದೇ. ಮೆಲಟೋನಿನ್ ಇದ್ದಾಗ ಗಡ್ಡೆ ಆ ಕೊಬ್ಬನ್ನು ಹೀರುವುದು ತಗ್ಗುತ್ತದೆ. ಎಣ್ಣೆ ಬಿಟ್ಟುಬಿಡಿ ಎಂದು ಇದರಿಂದ ಅರ್ಥ ಮಾಡಿಕೊಳ್ಳಬೇಡಿ, ಆ ಆಮ್ಲ ದೇಹಕ್ಕೆ ಬೇಕೇ ಬೇಕು.

ಈಗ 2005ರ ಪ್ರಯೋಗ. ನಾನು ಇದನ್ನು ಓದಿ ಪುಸ್ತಕ ಮುಚ್ಚಿ ಸುಮ್ನೆ ಕೂತಿದ್ದೆ. ಅಮೆರಿಕದ ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಬ್ಲಾಸ್ಕ್ ಮತ್ತು ಅವರ ಜೊತೆಗಾರರು ಮಾಡಿದ್ದು. ಮುಟ್ಟು ನಿಲ್ಲದ ವಯಸ್ಸಿನ 12 ಆರೋಗ್ಯವಂತ ಹೆಂಗಸರು ಅದರಲ್ಲಿ ಸೇರಿದರು. ಅವರ ರಕ್ತವನ್ನು ಮೂರು ಸಲ ತೆಗೆದರು. ಒಂದು ಹಗಲಿನಲ್ಲಿ. ಇನ್ನೊಂದು ನಡುರಾತ್ರಿ ದಾಟಿದ ಮೇಲೆ, ಕತ್ತಲೆಯಲ್ಲಿ. ಮೂರನೆಯದು ಅದೇ ರಾತ್ರಿ ಹೊತ್ತಿನಲ್ಲೇ, ಆದರೆ ಕಣ್ಣಿಗೆ 90 ನಿಮಿಷ ಜೋರಾದ ಬಿಳಿ ಟ್ಯೂಬ್‌ಲೈಟ್ ಬೆಳಕು ಬೀಳಿಸಿದ ಮೇಲೆ. ಆ ರಕ್ತವನ್ನು ಇಲಿಗಳಲ್ಲಿ ಬೆಳೆಯುತ್ತಿದ್ದ ಮನುಷ್ಯರ ಸ್ತನ ಕ್ಯಾನ್ಸರ್ ಗಡ್ಡೆಗಳ ಮೂಲಕ ಹರಿಸಿದರು.

ಹಗಲಿನ ರಕ್ತ ಹರಿದ ಗಡ್ಡೆಗಳು ಜೋರಾಗಿ ಬೆಳೆಯುತ್ತಲೇ ಇದ್ದವು. ಕತ್ತಲೆಯ ರಾತ್ರಿ ರಕ್ತ ಹರಿದ ಗಡ್ಡೆಗಳ ಬೆಳವಣಿಗೆ ತಗ್ಗಿತು, ಎದ್ದು ಕಾಣುವಷ್ಟು ತಗ್ಗಿತು. ರಾತ್ರಿಯೇ ತೆಗೆದ, ಆದರೆ ಬೆಳಕು ನೋಡಿದ ಹೆಂಗಸರ ರಕ್ತ ಹರಿದ ಗಡ್ಡೆಗಳು ಮತ್ತೆ ಹಗಲಿನಂತೆಯೇ ಬೆಳೆದವು. ಅದೇ ಹೆಂಗಸು, ಅದೇ ರಾತ್ರಿ ಹೊತ್ತು, ಒಂದೂವರೆ ಗಂಟೆ ಬೆಳಕಿನ ವ್ಯತ್ಯಾಸ. ನಡುರಾತ್ರಿಯಲ್ಲಿ ನಮ್ಮ ನಿಮ್ಮ ರಕ್ತಕ್ಕೆ, ಯಾವ ಮಾತ್ರೆಯೂ ಇಲ್ಲದೆ, ಕ್ಯಾನ್ಸರ್ ಗಡ್ಡೆಯನ್ನು ಹಿಡಿದು ನಿಲ್ಲಿಸುವ ಒಂದಿಷ್ಟು ಶಕ್ತಿ ಇರುತ್ತದೆ, ಅದು ದೀಪ ಹಾಕಿದರೆ ಹೊರಟುಹೋಗುತ್ತದೆ ಎಂದು ಗೊತ್ತಾದ ಮೇಲೆ ರಾತ್ರಿಯನ್ನು ಮೊದಲಿನಂತೆ ನೋಡಲು ನನಗೆ ಆಗಿಲ್ಲ.

2014ರಲ್ಲಿ ಇದೇ ಗುಂಪಿನವರು ನಮ್ಮ ಚಿಕ್ಕಮ್ಮನಿಗೆ ನೇರವಾಗಿ ತಾಗುವ ಇನ್ನೊಂದು ವಿಷಯ ಹೇಳಿದರು. ಅಷ್ಟರಲ್ಲಿ ಅವರು ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯದಲ್ಲಿದ್ದರು. ಸ್ತನ ಕ್ಯಾನ್ಸರ್ ಗಡ್ಡೆ ಇರುವ ಇಲಿಗಳನ್ನು ರಾತ್ರಿ ಹೊತ್ತು 0.2 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ ಇಟ್ಟರು. ಅದು ಹುಣ್ಣಿಮೆಯ ಬೆಳದಿಂಗಳಿನಷ್ಟು ಬೆಳಕು. ಅಂಥ ಇಲಿಗಳಲ್ಲಿ ಗಡ್ಡೆ ಬೇಗ ಬೆಳೆಯಿತು, ಟ್ಯಾಮೊಕ್ಸಿಫೆನ್ ಕೊಟ್ಟರೂ ಬಗ್ಗಲಿಲ್ಲ. ಅದೇ ಇಲಿಗಳಿಗೆ ರಾತ್ರಿ ಹೊತ್ತು ಮೆಲಟೋನಿನ್ ಸೇರಿಸಿ ಕೊಟ್ಟಾಗ ಟ್ಯಾಮೊಕ್ಸಿಫೆನ್ ಮತ್ತೆ ಕೆಲಸ ಮಾಡಿತು. ಇಲಿಯ ಕಣ್ಣು ನಮ್ಮ ಕಣ್ಣಿಗಿಂತ ಮಂದ ಬೆಳಕಿಗೆ ಬಹಳ ಸೂಕ್ಷ್ಮ. ಆದ್ದರಿಂದ ಬೆಳದಿಂಗಳಿಗೆ ಹೆದರಿ ಕಿಟಕಿ ಮುಚ್ಚಬೇಕಿಲ್ಲ. ಆದರೆ ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುವವರು ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಟ್ಯೂಬ್‌ಲೈಟ್ ಉರಿಯುವುದು ಬೇಡ ಎನ್ನಲು ನನಗೆ ಇಷ್ಟು ಸಾಕು. ಆರಿಸುವುದಕ್ಕೆ ಖರ್ಚಿಲ್ಲ, ಅಡ್ಡಪರಿಣಾಮವೂ ಇಲ್ಲ.

ಹಾಗಾದರೆ ಡಬ್ಬಿ ತೆಗೆದುಕೊಳ್ಳಬಹುದಲ್ಲ ಎಂದು ಕೇಳುತ್ತೀರಿ. ಚಿಕ್ಕಮ್ಮನೂ ಅದನ್ನೇ ಕೇಳಿದರು.

ಮನುಷ್ಯರಿಗೆ ಕೊಟ್ಟು ನೋಡಿದ ಕಥೆ ಇಟಲಿಯ ಮೊಂಜಾ ಎಂಬ ಊರಿನಿಂದ ಶುರುವಾಗುತ್ತದೆ. ಅಲ್ಲಿ ಪಾವ್ಲೊ ಲಿಸ್ಸೋನಿ ಎಂಬ ಡಾಕ್ಟರ್ ಮುಂದುವರಿದ ಕ್ಯಾನ್ಸರ್ ಇದ್ದವರಿಗೆ ರಾತ್ರಿ ಹೊತ್ತು ಮೆಲಟೋನಿನ್ ಕೊಡುತ್ತಾ ಬಂದರು, ಸಾಮಾನ್ಯವಾಗಿ 20 ಮಿಲಿಗ್ರಾಂ. ಒಳ್ಳೆಯ ಫಲಿತಾಂಶ ಬಂತು ಎಂದು ಬರೆದರು. 2005ರಲ್ಲಿ ಅಂಥ 10 ಪ್ರಯೋಗಗಳನ್ನು, ಒಟ್ಟು 643 ರೋಗಿಗಳನ್ನು ಸೇರಿಸಿ ಲೆಕ್ಕ ಹಾಕಿದಾಗ ಒಂದು ವರ್ಷದೊಳಗೆ ಸಾಯುವ ಸಾಧ್ಯತೆ ಸುಮಾರು ಮೂರನೇ ಒಂದು ಭಾಗ ಕಡಿಮೆ ಕಂಡಿತು. ಅಂತರ್ಜಾಲದಲ್ಲಿ ಓಡಾಡುತ್ತಿರುವುದು ಈ ಲೆಕ್ಕವೇ. ಆದರೆ ಅವು ಬಹುಮಟ್ಟಿಗೆ ಒಂದೇ ಗುಂಪಿನವರು ಮಾಡಿದ ಪ್ರಯೋಗಗಳು. ಯಾರಿಗೆ ಮೆಲಟೋನಿನ್ ಹೋಗುತ್ತಿದೆ ಎಂದು ಡಾಕ್ಟರಿಗೂ ಗೊತ್ತು, ರೋಗಿಗೂ ಗೊತ್ತು. ಅಂಥ ಕಡೆ ಆಸೆ ಲೆಕ್ಕದೊಳಗೆ ನುಸುಳುತ್ತದೆ, ಯಾರು ಎಷ್ಟೇ ಪ್ರಾಮಾಣಿಕರಾಗಿದ್ದರೂ.

ಆಮೇಲೆ ಕೆನಡಾದಲ್ಲಿ ಸರಿಯಾದ ಕ್ರಮದಲ್ಲಿ ನೋಡಿದರು. ಶ್ವಾಸಕೋಶದ ಕ್ಯಾನ್ಸರ್ ಆಪರೇಷನ್ ಆದ 709 ಜನ. ಅರ್ಧ ಜನಕ್ಕೆ ಒಂದು ವರ್ಷ ರಾತ್ರಿ 20 ಮಿಲಿಗ್ರಾಂ ಮೆಲಟೋನಿನ್, ಉಳಿದವರಿಗೆ ನೋಡಲು ಅದರಂತೆಯೇ ಇರುವ ಖಾಲಿ ಮಾತ್ರೆ. ಯಾರಿಗೆ ಯಾವುದು ಎಂದು ಯಾರಿಗೂ ಗೊತ್ತಿಲ್ಲ. ಫಲಿತಾಂಶ 2021ರಲ್ಲಿ ಬಂತು. ಎರಡು ವರ್ಷದಲ್ಲಿ ಕ್ಯಾನ್ಸರ್ ಮರುಕಳಿಸದೆ ಇದ್ದವರ ಪ್ರಮಾಣ ಎರಡೂ ಕಡೆ ಒಂದೇ. ಮೆದುಳಿಗೆ ಹರಡಿದ ಕ್ಯಾನ್ಸರಿನಲ್ಲಿ ರೇಡಿಯೇಷನ್ ಜೊತೆ ಕೊಟ್ಟು ನೋಡಿದಾಗಲೂ ಆಯಸ್ಸು ಹೆಚ್ಚಲಿಲ್ಲ. ಕ್ಯಾನ್ಸರಿನಿಂದ ತೂಕ ಇಳಿದು ಸೊರಗಿದವರಿಗೆ ಕೊಟ್ಟಾಗಲೂ ಖಾಲಿ ಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ.

1988ರ ಆ ತಟ್ಟೆಯನ್ನು ಇಲ್ಲಿ ಮತ್ತೆ ನೆನೆಯಬೇಕು. ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುವ ಕೆಲವು ಮಿಲಿಗ್ರಾಮಿನ ಮಾತ್ರೆಯೇ ರಕ್ತದ ಮೆಲಟೋನಿನ್ನನ್ನು ಸಹಜ ರಾತ್ರಿ ಮಟ್ಟದ ಹತ್ತರಿಂದ ನೂರು ಪಟ್ಟಿಗೆ ಏರಿಸಿಬಿಡುತ್ತದೆ. 20 ಮಿಲಿಗ್ರಾಂ ಎಂದರೆ ಲೆಕ್ಕ ಹಾಕಿ. ಕತ್ತಲೆ ಬಂದಂತೆ ಮೆಲ್ಲಗೆ ಏರಿ, ಎರಡು ಮೂರು ಗಂಟೆಗೆ ತುದಿ ಮುಟ್ಟಿ, ಬೆಳಗಿಗೆ ಇಳಿಯುವ ದೇಹದ ಕ್ರಮವೇ ಬೇರೆ, ಒಂದು ಗುಕ್ಕಿಗೆ ನುಂಗಿದ್ದೇ ಬೇರೆ. ಅದರ ಮೇಲೆ ಡಬ್ಬಿಯೊಳಗೆ ಏನಿದೆ ಎಂಬ ಪ್ರಶ್ನೆ. ಅಮೆರಿಕದಲ್ಲಿ ಇದು ಔಷಧಿಯ ಲೆಕ್ಕದಲ್ಲಿಲ್ಲ, ಆಹಾರದ ಪೂರಕ ಎಂದು ಮಾರುತ್ತಾರೆ. 2017ರಲ್ಲಿ ಕೆನಡಾದ ಅಂಗಡಿಗಳಿಂದ ತಂದ 31 ಬಗೆಯ ಮೆಲಟೋನಿನ್‌ಗಳನ್ನು ಪರೀಕ್ಷೆ ಮಾಡಿದರು. ಒಂದರಲ್ಲಿ ಬರೆದದ್ದಕ್ಕಿಂತ ಶೇಕಡಾ 83ರಷ್ಟು ಕಡಿಮೆ ಇತ್ತು, ಇನ್ನೊಂದರಲ್ಲಿ ಶೇಕಡಾ 478ರಷ್ಟು ಜಾಸ್ತಿ. 8 ಡಬ್ಬಿಗಳಲ್ಲಿ ಸೆರೊಟೋನಿನ್ ಕೂಡ ಸೇರಿತ್ತು.

ಚಿಕ್ಕಮ್ಮನಿಗೆ ಹೇಳಿದೆ, ಟ್ಯಾಮೊಕ್ಸಿಫೆನ್ ಒಂದು ದಿನವೂ ತಪ್ಪಿಸಬೇಡಿ, ಇದನ್ನು ಮುಂದಿನ ಸಲ ಬೆಂಗಳೂರಿಗೆ ಹೋದಾಗ ಡಾಕ್ಟರಿಗೆ ತೋರಿಸದೆ ಮುಟ್ಟಬೇಡಿ ಎಂದು. ನಿದ್ದೆ ಬರದೆ ಒದ್ದಾಡುವವರಿಗೆ ಡಾಕ್ಟರೇ ಕೆಲವು ಸಲ ಇದನ್ನು ಕೊಡುವುದುಂಟು, ಅದು ಬೇರೆ ವಿಷಯ. ರಕ್ತ ತೆಳುವಾಗುವ ಮಾತ್ರೆ ನುಂಗುವವರಂತೂ ಕೇಳದೆ ತೆಗೆದುಕೊಳ್ಳಲೇಬಾರದು. "ಹಂಗಾದ್ರೆ ಮಾತ್ರೆ ಕೆಲಸ ಮಾಡಲ್ಲ, ಕತ್ತಲೆ ಕೆಲಸ ಮಾಡುತ್ತೆ ಅಂತೀಯಾ?" ಎಂದರು. ಹೆಚ್ಚುಕಡಿಮೆ ಹಾಗೇ ಚಿಕ್ಕಮ್ಮ, ಆದರೆ ಕತ್ತಲೆಯೂ ಔಷಧಿಯಲ್ಲ, ಔಷಧಿಯ ಜೊತೆಗೆ ಇರಬೇಕಾದದ್ದು ಎಂದೆ. ಅವರು ಒಂದು ಕ್ಷಣ ತಡೆದು, "ನಿಮ್ಮ ಚಿಕ್ಕಪ್ಪನಿಗೆ ಎಲ್ಲಿದೆ ಕತ್ತಲೆ?" ಎಂದು ಕೇಳಿದರು.

ಈ ಬರಹದ ನಿಜವಾದ ವಿಷಯ ಶುರುವಾಗುವುದು ಅಲ್ಲಿಂದ.

ನಮ್ಮ ಕಡೆ ಪಂಪ್‌ಸೆಟ್ ಇರುವ ರೈತರಿಗೆ ದಿನಕ್ಕೆ ಕೆಲವು ಗಂಟೆ ತ್ರೀ ಫೇಸ್ ಕರೆಂಟ್ ಕೊಡುತ್ತಾರೆ. ಅದನ್ನು ಹಗಲು ಒಂದಿಷ್ಟು, ರಾತ್ರಿ ಒಂದಿಷ್ಟು ಎಂದು ಹಂಚಿರುತ್ತಾರೆ, ಇಲ್ಲವೇ ಒಂದು ವಾರ ಹಗಲು ಪಾಳಿ, ಇನ್ನೊಂದು ವಾರ ರಾತ್ರಿ ಪಾಳಿ. ರಾತ್ರಿ ಪಾಳಿ ಬಂದರೆ ಚಿಕ್ಕಪ್ಪ ಟಾರ್ಚ್ ಹಿಡಿದು ಹನ್ನೊಂದಕ್ಕೋ ಒಂದಕ್ಕೋ ಗದ್ದೆಗೆ ಹೋಗಿ ಮೋಟರ್ ಹಾಕಬೇಕು, ಫ್ಯೂಸ್ ನೋಡಬೇಕು, ನೀರು ತಿರುವಬೇಕು. ಕಡೂರು, ಅರಸೀಕೆರೆ ಕಡೆಯ ತೆಂಗು ಅಡಿಕೆಯವರ ಪಾಡೂ ಇದೇ. ಮಲೆನಾಡಿನ ಮಗ್ಗುಲಲ್ಲಿ ಫೆಬ್ರವರಿ ಮಾರ್ಚ್ ಬಂದರೆ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುತ್ತಾರೆ, ಪೈಪು ಬದಲಿಸುವ ಆಳುಗಳು ರಾತ್ರಿಯೂ ಎದ್ದಿರುತ್ತಾರೆ. ಕೊಯ್ಲಿನ ಕಾಲಕ್ಕೆ ಕಣದಲ್ಲಿ ಒಣಗಲು ಹಾಕಿದ ಕಾಫಿ ಕಾಯಲು ದೊಡ್ಡ ಲೈಟ್ ಉರಿಸಿಕೊಂಡು ಒಬ್ಬರು ಕೂರಬೇಕು. ಆಲೂರು, ಸಕಲೇಶಪುರ, ಬೇಲೂರು ಕಡೆ ಆನೆ ಇದೆ ಎಂಬ ಸುದ್ದಿ ಬಂದರೆ ಆ ರಾತ್ರಿ ಮಲಗುವವರೇ ಇಲ್ಲ. ಶಿರಾಡಿ ಘಾಟಿ ಇಳಿಯುವ ಬಸ್ಸು ಲಾರಿಗಳ ಡ್ರೈವರುಗಳು, ಬಟ್ಟೆ ಕಾರ್ಖಾನೆಗಳ ಪಾಳಿಯವರು, 24 ಗಂಟೆ ಉಪಗ್ರಹಗಳ ಮೇಲೆ ಕಣ್ಣಿಟ್ಟಿರುವ ಹಾಸನದ ಎಂಸಿಎಫ್‌ನವರು, ಆಸ್ಪತ್ರೆಯ ನರ್ಸುಗಳು. ಹಾಸನ ಚಿಕ್ಕಮಗಳೂರನ್ನು ತಣ್ಣಗಿನ ನೆಮ್ಮದಿಯ ಊರುಗಳು ಎಂದು ಹೊರಗಿನವರು ಹೇಳುತ್ತಾರೆ. ನಮ್ಮ ರಾತ್ರಿಗಳು ಅಷ್ಟೇನೂ ಮಲಗಿಲ್ಲ.

ಹೀಗೆ ರಾತ್ರಿ ಎಚ್ಚರ ಇರುವವರಿಗೂ ಕ್ಯಾನ್ಸರಿಗೂ ಸಂಬಂಧ ಇದೆಯೇ? 1987ರಲ್ಲಿ ರಿಚರ್ಡ್ ಸ್ಟೀವನ್ಸ್ ಎಂಬ ಅಮೆರಿಕದ ವಿಜ್ಞಾನಿ ಮೊದಲು ಈ ಪ್ರಶ್ನೆ ಎತ್ತಿದರು. ಕರೆಂಟ್ ದೀಪ ಬಂದ ದೇಶಗಳಲ್ಲಿ ಸ್ತನ ಕ್ಯಾನ್ಸರ್ ಏರಿರುವುದಕ್ಕೆ ರಾತ್ರಿಯ ಬೆಳಕೂ ಕಾರಣ ಇರಬಹುದೇ ಎಂದು. ಕಣ್ಣಿಗೆ ಬೆಳಕೇ ತಾಗದ, ಪೂರ್ತಿ ದೃಷ್ಟಿ ಇಲ್ಲದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಕಡಿಮೆ ಎಂದು ನಂತರ ಹಲವು ದೇಶಗಳ ಲೆಕ್ಕ ಹೇಳಿತು. 2001ರಲ್ಲಿ ಅಮೆರಿಕದ 78,562 ನರ್ಸುಗಳ ಹತ್ತು ವರ್ಷದ ದಾಖಲೆ ಬಂತು. 30 ವರ್ಷ ಮತ್ತು ಅದಕ್ಕಿಂತ ಹೆಚ್ಚು ಕಾಲ ರಾತ್ರಿ ಪಾಳಿ ಸುತ್ತಿದವರಲ್ಲಿ ಸ್ತನ ಕ್ಯಾನ್ಸರ್ ಶೇಕಡಾ 36ರಷ್ಟು ಜಾಸ್ತಿ ಇತ್ತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ, ದೇಹದ ಗಡಿಯಾರ ಕೆಡಿಸುವ ಪಾಳಿ ಕೆಲಸವನ್ನು ಬಹುಶಃ ಕ್ಯಾನ್ಸರ್ ತರುವಂಥದ್ದು ಎಂಬ 2ಎ ಗುಂಪಿಗೆ ಸೇರಿಸಿತು. 2019ರಲ್ಲಿ ಮತ್ತೆ ಕೂತು ನೋಡಿ, ಅದೇ ಗುಂಪಿನಲ್ಲಿ ಉಳಿಸಿತು.

ಬೇರೆ ಮಾತೂ ಇದೆ. 2016ರಲ್ಲಿ ಬ್ರಿಟನ್ನಿನವರು ತಮ್ಮ ದೊಡ್ಡ ದಾಖಲೆಗಳನ್ನೂ ಉಳಿದ ದೇಶಗಳ ದಾಖಲೆಗಳನ್ನೂ ಸೇರಿಸಿ, ಒಟ್ಟು 14 ಲಕ್ಷ ಹೆಂಗಸರ ಲೆಕ್ಕ ನೋಡಿದಾಗ ರಾತ್ರಿ ಪಾಳಿಗೂ ಸ್ತನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ಅದರಲ್ಲಿ ಬಹಳ ಜನ ವಯಸ್ಸಾದವರು, ಪಾಳಿ ಬಿಟ್ಟು ಎಷ್ಟೋ ವರ್ಷ ಆದವರು ಎಂಬ ಆಕ್ಷೇಪ ಬಂತು. ಮಾರನೇ ವರ್ಷ ಅಮೆರಿಕದ ನರ್ಸುಗಳ ದಾಖಲೆಯನ್ನೇ ಇನ್ನೂ ಉದ್ದಕ್ಕೆ ನೋಡಿದಾಗ ಚಿತ್ರ ಸ್ವಲ್ಪ ತಿಳಿಯಾಯಿತು. ಚಿಕ್ಕ ವಯಸ್ಸಿನಲ್ಲೇ 20 ವರ್ಷ ರಾತ್ರಿ ಪಾಳಿ ಮಾಡಿದವರಲ್ಲಿ ಅಪಾಯ ಜಾಸ್ತಿ, ನಿವೃತ್ತಿಯ ಅಂಚಿನವರನ್ನು ನೋಡಿದರೆ ಹಾಗೆ ಕಾಣುವುದಿಲ್ಲ. ನನ್ನ ತೀರ್ಮಾನ ಇಷ್ಟು. ಒಂದೆರಡು ವರ್ಷ ನೈಟ್ ಡ್ಯೂಟಿ ಮಾಡಿದವರು ಭಯ ಪಡುವ ಕಾರಣವಿಲ್ಲ. ಹರೆಯದಲ್ಲಿ ಸೇರಿ ದಶಕಗಟ್ಟಲೆ ರಾತ್ರಿ ದುಡಿಯುವವರ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು.

ಇಲ್ಲೊಂದು ಮಾತು ಸೇರಿಸಲೇಬೇಕು, ನಮ್ಮ ಜಿಲ್ಲೆಗಳವರಿಗೆ ಇಷ್ಟ ಆಗದಿದ್ದರೂ. 2ಎ ಎಂದರೆ ಬಹುಶಃ. ಅದರ ಮೇಲೆ ಒಂದನೇ ಗುಂಪು ಇದೆ, ಖಚಿತವಾಗಿ ಕ್ಯಾನ್ಸರ್ ತರುವಂಥವು. ಹೊಗೆಸೊಪ್ಪು ಅಲ್ಲಿದೆ. ಇದೇ ಸಂಸ್ಥೆ ಅಡಿಕೆಯನ್ನೂ ಅಲ್ಲೇ ಇಟ್ಟಿದೆ. ಅಡಿಕೆ ನಮ್ಮ ಅನ್ನ, ಎಷ್ಟೋ ಮನೆಗಳ ಮಕ್ಕಳ ಫೀಸು ಅದರಿಂದಲೇ ಹೋಗುತ್ತದೆ, ಅದರ ಬೆಳೆಗಾರರ ಸಂಕಟ ನನಗೆ ಗೊತ್ತು. ಆದರೂ ಬಾಯಲ್ಲಿ ಎಲೆ ಅಡಿಕೆ ಹೊಗೆಸೊಪ್ಪು ತುಂಬಿಕೊಂಡು ಮಲಗುವವರು ಮೊದಲು ಬಾಯಿ ತೊಳೆಯಲಿ, ಕಿಟಕಿಯ ಪರದೆ ಆಮೇಲೆ.

ಕಾಫಿಯ ಬಗ್ಗೆಯೂ ಕೇಳುತ್ತಾರೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2012ರಲ್ಲಿ ಅರೇಬಿಕಾ, ರೊಬಸ್ಟಾ ಬೀಜಗಳಲ್ಲೇ ಮೆಲಟೋನಿನ್ ಇದೆ ಎಂದು ತೋರಿಸಿದ್ದಾರೆ. ಓದಿ ಖುಷಿಯಾಯಿತು, ನಮ್ಮ ತೋಟದ ಗಿಡವಲ್ಲವೇ. ಆದರೆ ರಾತ್ರಿ ಕಾಫಿ ಕುಡಿದರೆ ಅದರ ಕೆಫೀನ್ ದೇಹದ ಗಡಿಯಾರವನ್ನೇ ಹಿಂದಕ್ಕೆ ಎಳೆಯುತ್ತದೆ. 2015ರಲ್ಲಿ ಪರೀಕ್ಷೆ ಮಾಡಿದಾಗ ಮಲಗುವ ಮೂರು ಗಂಟೆ ಮೊದಲು ಗಟ್ಟಿ ಕಾಫಿಯಷ್ಟು ಕೆಫೀನ್ ಕೊಟ್ಟರೆ ಮೆಲಟೋನಿನ್ ಏರುವುದು ಸುಮಾರು 40 ನಿಮಿಷ ತಡವಾಯಿತು. ಮನೆಯ ದೀಪವೂ ಕಡಿಮೆಯದಲ್ಲ. 116 ಜನರನ್ನು ನೋಡಿದ 2011ರ ಒಂದು ಅಧ್ಯಯನದಲ್ಲಿ, ಮಲಗುವ ಮೊದಲು ಮಾಮೂಲಿ ಕೋಣೆಯ ಬೆಳಕಿನಲ್ಲಿ ಇದ್ದವರಿಗೆ ಮಂದ ಬೆಳಕಿನಲ್ಲಿ ಇದ್ದವರಿಗಿಂತ ಮೆಲಟೋನಿನ್ ಇರುವ ಹೊತ್ತು ಸುಮಾರು 90 ನಿಮಿಷ ಕಡಿಮೆಯಾಗಿತ್ತು. ನೀಲಿ ಅಂಶ ಜಾಸ್ತಿ ಇರುವ ಬಿಳಿ ಎಲ್‌ಇಡಿ, ಕೈಯಲ್ಲಿರುವ ಮೊಬೈಲ್ ಇನ್ನೂ ಜೋರು. ಇವು ನಮ್ಮ ಕೈಯಲ್ಲಿರುವ ವಿಷಯಗಳು. ಎಂಟು ಗಂಟೆಯ ಮೇಲೆ ಹಳದಿ ಬಲ್ಬ್ ಹಾಕಿ, ಬಚ್ಚಲಿಗೆ ಹೋಗುವ ದಾರಿಗೆ ಕೆಳಗಡೆ ಒಂದು ಸಣ್ಣ ಕೆಂಪು ದೀಪ ಇಡಿ, ಸಾಕು.

ಕೈಯಲ್ಲಿಲ್ಲದವರಿಗೆ ಏನು ಹೇಳುವುದು? ನನ್ನ ಹತ್ತಿರ ಓದಿ ನರ್ಸ್ ಆದ ಹುಡುಗಿಯೊಬ್ಬಳು ಸಿಕ್ಕಾಗ, "ಮೇಡಂ, ನಮ್ಮಲ್ಲಿ ನೈಟ್ ಬಿದ್ದರೆ ಸಾಲಾಗಿ ಬೀಳ್ತಾವೆ, ಬೆಳಗ್ಗೆ ಮನೆಗೆ ಹೋದ್ರೆ ಮಕ್ಕಳು, ಅಡುಗೆ, ಮಲಗೋದು ಎಲ್ಲಿ" ಎಂದಳು. ಅವಳಿಗೆ ಮೊಬೈಲ್ ನೋಡಬೇಡ ಎಂದು ಉಪದೇಶ ಮಾಡುವುದು ಅನ್ಯಾಯ. ಪಾಳಿ ಹಾಕುವವರು ಬದಲಾಗಬೇಕು. ಇದಕ್ಕೆ ಕ್ರಮ ಗೊತ್ತಿಲ್ಲ ಎಂದೇನಿಲ್ಲ. 2020ರಲ್ಲಿ ಡೆನ್ಮಾರ್ಕ್ ಕಡೆಯ ತಜ್ಞರು ಎಲ್ಲ ಅಧ್ಯಯನಗಳನ್ನು ನೋಡಿ ಬರೆದಿದ್ದಾರೆ: ಒಂದರ ಹಿಂದೆ ಒಂದು ಮೂರಕ್ಕಿಂತ ಹೆಚ್ಚು ರಾತ್ರಿ ಬೇಡ, ಎರಡು ಪಾಳಿಗಳ ನಡುವೆ ಕನಿಷ್ಠ 11 ಗಂಟೆ ಬಿಡುವು ಇರಲಿ, ಒಂದು ಪಾಳಿ 9 ಗಂಟೆ ದಾಟದಿರಲಿ, ಬಸುರಿಯರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ರಾತ್ರಿ ಬೇಡ. ಸ್ತನ ಕ್ಯಾನ್ಸರ್ ಬಂದ ಕೆಲವು ರಾತ್ರಿ ಪಾಳಿಯ ಹೆಂಗಸರಿಗೆ ಆ ದೇಶ ಪರಿಹಾರವನ್ನೂ ಕೊಟ್ಟಿದೆ. ಆಸ್ಪತ್ರೆಯ ವಾರ್ಡುಗಳ ಮಾತೂ ಇಲ್ಲೇ ಬರುತ್ತದೆ. ಕೀಮೋ ಹಾಕಿಸಿಕೊಂಡು ಮಲಗಿದವರ ಮುಖದ ಮೇಲೆ ರಾತ್ರಿಯಿಡೀ ಟ್ಯೂಬ್‌ಲೈಟ್ ಉರಿಯುತ್ತಿರುವುದನ್ನು ಚಿಕ್ಕಮ್ಮನ ಜೊತೆ ಇದ್ದಾಗ ಕಣ್ಣಾರೆ ನೋಡಿದ್ದೇನೆ. ನರ್ಸಿನ ಮೇಜಿಗೆ ಬೇರೆ ದೀಪ, ಹಾಸಿಗೆಗಳ ಸಾಲಿಗೆ ಬೇರೆ ಸ್ವಿಚ್ ಹಾಕಿಸಲು ಎಷ್ಟು ದುಡ್ಡು ಬೇಕು?

ರೈತರಿಗೆ ದಾರಿ ಇನ್ನೂ ಸುಲಭ. ಹಗಲು ಬಿಸಿಲಿದೆ. ಕೇಂದ್ರ ಸರ್ಕಾರದ ಕುಸುಮ್ ಎಂಬ ಸೋಲಾರ್ ಯೋಜನೆಯಲ್ಲಿ ಪಂಪ್‌ಸೆಟ್ ಫೀಡರ್‌ಗಳಿಗೆ ಸೋಲಾರ್ ಜೋಡಿಸಿ ಹಗಲು ಹೊತ್ತೇ ತ್ರೀ ಫೇಸ್ ಕೊಡುವ ಕೆಲಸ ರಾಜ್ಯದಲ್ಲಿ ಶುರುವಾಗಿದೆ. ಆನೆಯ ಕಾಟ ಇರುವ ಕಡೆ ಅದು ಮೊದಲು ಬರಬೇಕು ಎಂದು ಚಿಕ್ಕಪ್ಪನ ಊರಿನವರು ಅರ್ಜಿ ಬರೆಯುತ್ತಿದ್ದಾರೆ. ಆನೆ, ಹಾವು, ಶಾಕ್ ಹೊಡೆಯುವ ಭಯ, ಮೂರನ್ನೂ ಬರೆದಿದ್ದರು. ನಾಲ್ಕನೆಯದಾಗಿ ರಾತ್ರಿ ನಿದ್ದೆಗೆಟ್ಟು ದುಡಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2ಎ ಗುಂಪಿನಲ್ಲಿ ಇಟ್ಟಿದೆ ಎಂಬುದನ್ನೂ ಸೇರಿಸಿ ಎಂದು ಹೇಳಿ, ಇಸವಿ ಸಮೇತ ಬರೆದು ಕಳಿಸಿದ್ದೇನೆ. ನಿಮ್ಮ ಊರಿನಲ್ಲೂ ಇಂಥ ಅರ್ಜಿ ಕೊಡುವವರಿದ್ದರೆ ಆ ಸಾಲನ್ನು ಧಾರಾಳವಾಗಿ ಬಳಸಿಕೊಳ್ಳಿ.